ಗಾಡಿ ಎಳೆಯಬಲ್ಲ ತೂಕ

“ಇದನ್ನ ನಮ್ಮ ಗಾಡಿ ಎಳೆದ್ರೆ ನಾನು ಅರ್ಧ ಮೀಸೆ ಬೋಳಿಸ್ಕೊಳ್ತೀನಿ,” ಎಂದು ಸೂರ್ಯನಾರಾಯಣ ಟ್ರೈಲರಿನ ಚಕ್ರಕ್ಕೆ ಒದ್ದ.

ಹೆಂಡತಿ ರಾಜಲಕ್ಷ್ಮಿ ಅದನ್ನು ಬಿಟ್ಟು ಮುಂದಿನ ಟ್ರೈಲರಿನತ್ತ ನಡೆದಳು.

ಜರ್ಮನ್‌ಟೌನ್ ದಾಟಿದ ಮೇಲೆ ಹೆದ್ದಾರಿಯ ಪಕ್ಕದಲ್ಲಿದ್ದ, ಟ್ರೈಲರ್ ಮಾರುವ ಅಂಗಳವದು. ಹೋದಲ್ಲೇ ಮಲಗಿ, ಅಡುಗೆ ಮಾಡಿಕೊಂಡು ಇರಬಹುದಾದ ಗಾಲಿಮನೆಗಳು ಸಾಲಾಗಿ ನಿಂತಿದ್ದವು. ೧೯೯೭ರ ಅಕ್ಟೋಬರ್. ಮರಗಳು ಕೆಂಪಾಗಿದ್ದವು. ಈ ಕಾಲದಲ್ಲಿ ಕ್ಯಾಂಪಿಂಗ್ ಹುಚ್ಚು ಹಿಡಿದದ್ದು ಹೆಂಡತಿಗೆ. ಹೋಗುವುದು ಎಲ್ಲಿಗೆ ಎಂದು ಕೇಳಿದ್ದಕ್ಕೆ ‘ಕೆರೊಲಿನಾ ಕಡೆಗೆ’ ಎಂದಿದ್ದಳು. ಆಮೇಲೆ ಅವನು ಕೇಳಿರಲಿಲ್ಲ. ಅವಳ ಮಾತಿಗೆ ಎರಡನೆಯ ಪ್ರಶ್ನೆ ಕೇಳುವ ಅಭ್ಯಾಸ ಅವನಿಗಿರಲಿಲ್ಲ.

ಅವನು ಸೇತುವೆಗಳು ಎಷ್ಟು ಭಾರ ಹೊರುತ್ತವೆ ಎಂದು ಲೆಕ್ಕ ಹಾಕುವ ಎಂಜಿನಿಯರ್. ಲೆಕ್ಕ ತಪ್ಪುವವನಲ್ಲ. ಅದನ್ನು ದಿನಕ್ಕೊಮ್ಮೆಯಾದರೂ ಹೇಳದೆ ಇರುವವನೂ ಅಲ್ಲ. ತೋಟಕ್ಕೆ ಮಣ್ಣು ತರಲೆಂದು ರಾಜಲಕ್ಷ್ಮಿ ಹಟ ಹಿಡಿದು ಕೊಂಡ ಸಣ್ಣ ಪಿಕಪ್‌ಗೆ ಅವನಿಟ್ಟ ಹೆಸರು ‘ಎತ್ತಿನಗಾಡಿ’. ಹೋದ ವಾರ ಅದರ ಹಿಂದೆ ಅವಳು ಟ್ರೈಲರ್ ಕಟ್ಟುವ ಕೊಂಡಿ ಹಾಕಿಸಿಕೊಂಡು ಬಂದಾಗ, “ಟ್ರೈಲರ್ ಇಲ್ದೆ ಕೊಂಡಿ! ಎಂಥ ಬುದ್ಧಿವಂತೆ!” ಎಂದು ನಕ್ಕಿದ್ದ.

ಪಕ್ಕದ ಊರು ಕೊಲಂಬಿಯಾದಲ್ಲಿದ್ದ ಗೆಳೆಯ ಗುರುದತ್ತನ ಮನೆಯ ಊಟದಲ್ಲೂ ಹೀಗೇ ನಕ್ಕಿದ್ದ. ಗ್ರೀನ್ ಕಾರ್ಡ್ ಬಂದ ಮೇಲೆ ರಾಜಲಕ್ಷ್ಮಿ ಲ್ಯಾಬ್ ಟೆಕ್ನಾಲಜಿಸ್ಟ್ ಪರೀಕ್ಷೆಗೆ ಓದಲು ಕೂತಿದ್ದಳು. “ಇವಳು ಪಾಸಾಗೋ ಹೊತ್ತಿಗೆ ನಾನು ರಿಟೈರ್ ಆಗಿರ್ತೀನಿ,” ಎಂದು ಎಲ್ಲರೆದುರು ಹೇಳಿದ. ಗುರುದತ್ತನ ಹೆಂಡತಿ ಶೈಲಜಾ ನಗಲಿಲ್ಲ. ರಾಜಲಕ್ಷ್ಮಿ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದ್ದಳು.

ಎರಡನೆಯ ಟ್ರೈಲರ್ ಚಿಕ್ಕದು, ಗಟ್ಟಿ ಗೋಡೆಯದು. ಒಳಗೆ ಒಂದು ಮಂಚ, ಎರಡು ಬರ್ನರಿನ ಒಲೆ, ಸಿಂಕ್. ರಾಜಲಕ್ಷ್ಮಿ ಮೆಟ್ಟಿಲು ಹತ್ತಿ ಒಳಗೆ ಹೋದಳು. ಹೀಟರಿನ ಮೇಲೆ ಕೈಯಿಟ್ಟಳು.

“ಚಳಿಗಾಲಕ್ಕೆ ಇದು ಸಾಕಾಗತ್ತಾ?”

“ಚಳಿಗಾಲದಲ್ಲಿ ಯಾರಾದ್ರೂ ಕ್ಯಾಂಪಿಂಗ್ ಹೋಗ್ತಾರೇನೇ, ಪೆದ್ದಿ?”

ಅವಳು ಬಾಗಿಲು ಎಳೆದುಕೊಂಡು ಒಳಗಿನಿಂದ ಚಿಲಕ ಹಾಕಿ ನೋಡಿದಳು. ಸ್ವಲ್ಪ ಹೊತ್ತು ತೆಗೆಯಲಿಲ್ಲ. ತೆಗೆದಾಗ ಮುಖ ಹಗುರಾಗಿತ್ತು.

“ಇದು ಚೆನ್ನಾಗಿದೆ,” ಎಂದಳು.

ಸೇಲ್ಸ್‌ಮನ್ ಡೇಲ್, ನಿಮ್ಮ ಪಿಕಪ್ ಇದನ್ನು ಹೂವಿನ ಹಾಗೆ ಎಳೆಯುತ್ತದೆ ಎಂದ. ಸೂರ್ಯನಾರಾಯಣ ಅವನತ್ತ ನೋಡಲೂ ಇಲ್ಲ.

“ಇವನು ಹೇಳ್ತಿರೋದು ಖಾಲಿ ಟ್ರೈಲರಿನ ತೂಕ. ನೀರು ತುಂಬಬೇಕು, ಗ್ಯಾಸ್ ಬೇಕು, ನಿನ್ನ ಪಾತ್ರೆ ಪಡಗ ಬೇಕು. ಅಷ್ಟೇ ಅಲ್ಲ. ಎಂಜಿನ್ನಿಗೆ ಎಲ್ಲಾ ಭಾರಾನೂ ಒಂದೇ. ಟ್ರೈಲರ್, ಪಿಕಪ್, ಅದರೊಳಗೆ ಕೂತೋರು, ಎಲ್ಲಾ ಸೇರಿ ಒಂದು ಮಿತಿ. ಮುಂದೆ ಹೆಚ್ಚಿದಷ್ಟೂ ಹಿಂದೆ ಕಮ್ಮಿ ಮಾಡ್ಬೇಕು. ಮಿತಿ ಮೀರಿದ್ರೆ ಬೆಟ್ಟ ಇಳಿಯೋವಾಗ ಬ್ರೇಕ್ ಹಿಡಿಯಲ್ಲ, ಟ್ರೈಲರೇ ನಮ್ಮನ್ನ ತಳ್ಕೊಂಡು ಹೋಗತ್ತೆ. ಅರ್ಥ ಆಯ್ತಾ?”

“ಆಯ್ತು. ಲೆಕ್ಕ ಹಾಕಿ.”

ಅವನು ಬಾಯಲ್ಲೇ ಕೂಡಿಸತೊಡಗಿದ.

“ಪಿಕಪ್ ಹಿಂದೆ ಇರೋ ಬಾಕ್ಸುಗಳನ್ನೂ ಸೇರಿಸಿ,” ಎಂದಳು.

“ಅವು ದಾನಕ್ಕೆ ಕೊಡೋ ಬಟ್ಟೆ ಅಂದ್ಯಲ್ಲ!”

“ಇರ್ಲಿ, ಸೇರಿಸಿ.”

ಸೇರಿಸಿದ. ತಲೆಯಾಡಿಸಿದ. “ಮಿತಿ ದಾಟತ್ತೆ. ಆ ಬಟ್ಟೆ ಗೋಡೆಯ ಡೇರೆ ಟ್ರೈಲರ್ ತಗೋ, ಹಗುರ. ಅಥವಾ ಮನೇಲಿ ಸುಮ್ನೆ ಕೂತ್ಕೋ, ಇನ್ನೂ ಹಗುರ.”

“ಪಿಕಪ್‌ನಲ್ಲಿ ಒಬ್ಬರೇ ಇದ್ರೆ?”

ಸೂರ್ಯನಾರಾಯಣ ಗಹಗಹಿಸಿದ. “ನಿನ್ನನ್ನ ಇಳಿಸಿಬಿಟ್ರೆ ಆರಾಮಾಗಿ ಎಳೆಯತ್ತೆ! ನೀನೊಬ್ಬಳೇ ಎರಡು ಮೂಟೆ ಅಕ್ಕಿ!” ಜೋಕು ವ್ಯರ್ಥವಾಗಬಾರದೆಂದು ಡೇಲ್‌ಗೆ ಇಂಗ್ಲಿಷಿನಲ್ಲೂ ಹೇಳಿದ. ಡೇಲ್ ತನ್ನ ಶೂ ನೋಡಿಕೊಂಡ.

“ತಮಾಷೆ ಬೇಡ ರೀ. ಒಬ್ಬರೇ ಇದ್ರೆ ಬೆಟ್ಟದ ರಸ್ತೇಲೂ ಸೇಫಾ?”

“ನೂರಕ್ಕೆ ನೂರು ಸೇಫ್. ನನ್ನ ಲೆಕ್ಕ ಯಾವಾಗ ತಪ್ಪಿದೆ?”

“ತಪ್ಪಿಲ್ಲ,” ಎಂದಳು ರಾಜಲಕ್ಷ್ಮಿ. “ಕೀ ಕೊಡಿ. ನನ್ನ ಬ್ಯಾಗ್ ಗಾಡೀಲಿದೆ.”

ಕೊಟ್ಟ. ಅವಳು ಡೇಲ್ ಜೊತೆ ಹೋದಳು. ಸೂರ್ಯನಾರಾಯಣ ಆಫೀಸಿನೊಳಗೆ ಕಾಫಿ ಮಷೀನಿನ ಪಕ್ಕದ ಕುರ್ಚಿ ಹಿಡಿದು ಕೂತ. ಡೇರೆಯ ಟ್ರೈಲರಿಗೆ ಚೌಕಾಸಿ ಮಾಡಲೂ ಬರುವುದಿಲ್ಲ ಇವಳಿಗೆ, ಕೊನೆಗೆ ನಾನೇ ಹೋಗಬೇಕು ಎಂದುಕೊಂಡ. ಕಾಫಿ ಕೆಟ್ಟದಾಗಿತ್ತು. ಅದನ್ನೂ ಅಲ್ಲಿದ್ದ ಹುಡುಗಿಗೆ ಹೇಳಿದ.

ಗಂಟೆಯಾದ ಮೇಲೆ ಹೊರಗೆ ಬಂದಾಗ ಪಿಕಪ್ಪಿನ ಹಿಂದೆ ಕಟ್ಟಿದ್ದದ್ದು ಎರಡನೆಯ ಟ್ರೈಲರು. ಡೇಲ್ ಅದರ ದೀಪಗಳನ್ನು ಪರೀಕ್ಷಿಸುತ್ತಿದ್ದ. ಸೂರ್ಯನಾರಾಯಣನ ಕೆನ್ನೆ ಬಿಸಿಯಾಯಿತು. ಇಷ್ಟು ಬಿಡಿಸಿ ಹೇಳಿದರೂ! ಅವನು ಬಿರಬಿರನೆ ಹೋಗಿ ಡ್ರೈವರ್ ಬಾಗಿಲಿಗೆ ಕೈ ಹಾಕಿದ. ಚಿಲಕ ಹಾಕಿತ್ತು. ಒಳಗೆ ರಾಜಲಕ್ಷ್ಮಿ ಕನ್ನಡಿ ಸರಿಮಾಡಿಕೊಳ್ಳುತ್ತಿದ್ದಳು.

“ಇಳಿಯೇ ಕೆಳಗೆ! ಇಬ್ಬರು ಕೂತ್ರೆ ಎಳೆಯಲ್ಲ ಅಂತ ಹೇಳಲಿಲ್ವಾ?”

ಅವಳು ಕಿಟಕಿಯನ್ನು ಒಂದು ಬೆರಳಿನಷ್ಟು ಇಳಿಸಿದಳು.

“ಗುರುದತ್ ಬರ್ತಿದಾರೆ ರೀ, ನಿಮ್ಮನ್ನ ಮನೆಗೆ ಬಿಡ್ತಾರೆ. ನಾನು ಪರೀಕ್ಷೆ ಪಾಸಾಗಿ ಆಯ್ತು, ಸೋಮವಾರದಿಂದ ಸೌತ್ ಕೆರೊಲಿನಾದಲ್ಲಿ ಕೆಲಸ. ಇನ್ನು ವಾಪಸ್ ಬರಲ್ಲ.”