ಏಳುವ ಹಾಳೆ

ಚಿತ್ರ ನೋಡಿ ಪಾಸು ಮಾಡುವ ಪರೀಕ್ಷಕರು ಬರುವುದಕ್ಕೆ ಅರ್ಧ ತಾಸು ಉಳಿದಿತ್ತು, ಹಾಳೆಯ ಮೇಲಿನ ಗೊಂಬೆ ಡೊಳ್ಳಯ್ಯ ಇನ್ನೂ ಒಪ್ಪಿಗೆಯ ರುಜು ಹಾಕಿರಲಿಲ್ಲ. ಬರೆದ ಗೊಂಬೆ ತಾನಾಗಿ ಒಪ್ಪದೆ ಅದನ್ನು ಬೀಳಿಸುವಂತಿಲ್ಲ ಎಂಬ ಕಾಯಿದೆ ಹಾಳೆ ಹಾಳೆಯಾಗಿ ಬರೆದು ಕಾರ್ಟೂನು ಸಿನಿಮಾ ಮಾಡುವ ವಾರಿಜಾಳಿಗೆ ಹೊಸದೇನಲ್ಲ. ಆದರೆ ಇಂಥ ಮೊಂಡ ಗೊಂಬೆಯನ್ನು ಅವಳು ಕಂಡಿರಲಿಲ್ಲ. ರುಜು ಬೀಳದಿದ್ದರೆ ಎಂಟು ತಿಂಗಳ ದುಡಿಮೆ ನೀರಿನಲ್ಲಿ ಹೋಮ.

"ಕಾಲು ಜಾರಿ ಮಜ್ಜಿಗಿ ಹರವ್ಯಾಗ ತಲಿಕೆಳಗಾಗಿ ಬೀಳೂದು, ಅಷ್ಟ ಅಲ್ಲೇನೋ? ಮಂದಿ ಹೊಟ್ಟಿ ಹಿಡ್ಕೊಂಡು ನಗ್ತಾರ," ಎಂದು ಅಂಗಲಾಚಿದಳು.

ಡೊಳ್ಳಯ್ಯ ಹಾಳೆಯ ಮೇಲಿಂದಲೇ ಕತ್ತೆತ್ತಿದ. "ಬೀಳ್ತೀನ್ರಿ ಅಕ್ಕಾರ. ನಾ ಮ್ಯಾಲ ಏಳೂ ಹಾಳಿ ಎಲ್ಲೈತಿ?"

ವಾರಿಜಾ ಹಾಳೆಗಳ ಕಟ್ಟನ್ನು ತಿರುವಿ ಹಾಕಿದಳು. ಕೊನೆಯ ಹಾಳೆಯಲ್ಲಿ ಮಣ್ಣಿನ ಹರವಿಯಿಂದ ಎರಡು ಕಾಲು ಮೇಲೆದ್ದಿದ್ದವು, ಅಷ್ಟೆ. ಬಿದ್ದ ಕೂಡಲೇ ಚಿತ್ರ ಮುಗಿಸುವುದು ಅವಳ ರೂಢಿ. ಎಬ್ಬಿಸುವ ಹಾಳೆಯನ್ನು ಎಂದೂ ಬರೆದವಳಲ್ಲ.

ಅವಸರದಿಂದ ಹೊಸ ಹಾಳೆ ಎಳೆದುಕೊಂಡು, ಮೀಸೆಯ ಮಜ್ಜಿಗೆ ಒರೆಸುತ್ತ ನಿಂತ ಡೊಳ್ಳಯ್ಯನನ್ನು ಬರೆದಳು. ಅವನು ಅದನ್ನು ಕಣ್ತುಂಬ ನೋಡಿ ರುಜು ಹಾಕಿದ.

ಪರೀಕ್ಷಕರು ಬಾಗಿಲು ಬಡಿದರು. ತೆರೆಯಲೆಂದು ಎದ್ದವಳು ಅಲ್ಲೇ ನಿಂತಳು. ಅವಳ ಹಳೆಯ ಹನ್ನೊಂದು ನಗೆಚಿತ್ರಗಳ ಕಟ್ಟುಗಳಿದ್ದ ಕಪಾಟನ್ನೂ ಯಾರೋ ಒಳಗಿನಿಂದ ಬಡಿಯುತ್ತಿದ್ದರು.

"ಅಕ್ಕಾರ, ನಮಗೂ ಒಂದೊಂದು ಹಾಳಿ ಬರೀರಿ."