ಫೋಟೋ ಆಯ್ತಾ ಅಮ್ಮಾ?

ಸಂಜೆ ನಾಲ್ಕೂವರೆ ಆಯಿತೆಂದರೆ ನಳಿನಿಯ ಫೋನ್ ಟಿಂಗ್ ಅನ್ನುತ್ತಿತ್ತು...

ಡೇ ಕೇರ್‌ನ ವಾಟ್ಸಾಪ್ ಗ್ರೂಪಿನಲ್ಲಿ ಮಗಳು ಇಂಪನಾಳ ಫೋಟೋ. ಕೈಯಲ್ಲಿ ಕ್ರೇಯಾನ್, ಮುಂದಿನ ಹಲ್ಲು ಬಿದ್ದ ಬಾಯಿ ತುಂಬ ನಗು.

ಮೈಸೂರಿನ ಒಂದು ನರ್ಸಿಂಗ್ ಹೋಮ್‌ನಲ್ಲಿ ನರ್ಸ್ ಆಗಿದ್ದ ನಳಿನಿ ಅದನ್ನು ನೋಡಿ ಎರಡು ಹಾರ್ಟ್ ಕಳಿಸಿ ಮತ್ತೆ ವಾರ್ಡಿಗೆ ಓಡುತ್ತಿದ್ದಳು. ಹಾರ್ಟ್ ಒತ್ತುವುದಕ್ಕೆ ನಮಗೇನು ಕಷ್ಟ ಹೇಳಿ?

ಮಗಳು ಒಂದನೇ ಕ್ಲಾಸು. ಸ್ಕೂಲ್ ಬಿಡುವುದು ಮೂರೂವರೆಗೆ, ಅಮ್ಮನ ಡ್ಯೂಟಿ ಮುಗಿಯುವುದು ಆರಕ್ಕೆ. ಗಂಡನದು ಊರೂರು ಸುತ್ತುವ ಕೆಲಸ. ಡೇ ಕೇರ್ ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ.

ಗೋಡೆ ತುಂಬ ಕಾರ್ಟೂನು, ತಣ್ಣಗಿನ ಎಸಿ, ಪಟಪಟ ಇಂಗ್ಲಿಷ್ ಮಾತಾಡುವ ಓನರ್ ರೋಹಿಣಿ ಮೇಡಂ... ನಳಿನಿ ನೋಡಿದ ಕೂಡಲೇ ಮರುಳಾಗಿದ್ದಳು.

"ಆರರವರೆಗೂ ಪೇರೆಂಟ್ಸ್ ಒಳಗೆ ಬರೋ ಹಾಗಿಲ್ಲ, ಮಕ್ಕಳು ಡಿಸ್ಟರ್ಬ್ ಆಗ್ತಾರೆ" ಎಂಬ ರೂಲ್ ಕೂಡ ಅವಳಿಗೆ ಶಿಸ್ತಾಗಿಯೇ ಕಂಡಿತ್ತು.

ಒಂದು ಸಲ ಯಾರದೋ ಮಗು ಅಳುತ್ತಿದ್ದ ಫೋಟೋ ಬಂದಾಗ ಗ್ರೂಪಿನವರೆಲ್ಲ ಮೇಡಂ ಮೇಲೆ ಮುಗಿಬಿದ್ದರು. ನಳಿನಿಯೂ ಬರೆದಿದ್ದಳು... "ಇಂಥದ್ದೆಲ್ಲ ಹಾಕಬೇಡಿ ಮೇಡಂ, ಕೆಲಸದಲ್ಲಿ ಮನಸ್ಸು ನಿಲ್ಲಲ್ಲ."

ಅಂದಿನಿಂದ ಗ್ರೂಪಿನಲ್ಲಿ ಬರೀ ನಗುವೇ.

ಒಂದು ಮಂಗಳವಾರ ಮನೆಗೆ ಬಂದು ಮಗಳ ಉದ್ದನೆಯ ಸಾಕ್ಸ್ ಬಿಚ್ಚಲು ಹೋದರೆ ಅದು ಬರಲೇ ಇಲ್ಲ. ಮೊಣಕಾಲಿನ ಕೆಳಗೆ ಚರ್ಮ ತರಚಿ, ರಕ್ತ ಒಣಗಿ, ಬಟ್ಟೆ ಗಾಯಕ್ಕೆ ಅಂಟಿಕೊಂಡಿತ್ತು. ನೀರು ಹಾಕಿ ನೆನೆಸಿ ಬಿಡಿಸಿದರೆ ಒಳಗೆ ಮಣ್ಣು ಹಾಗೇ ಇತ್ತು, ತೊಳೆಯದೆಯೇ ಯಾರೋ ಸಾಕ್ಸ್ ಮೇಲೆಳೆದು ಮುಚ್ಚಿದ್ದರು.

"ಎಲ್ಲಿ ಬಿದ್ದೆ ಪುಟ್ಟಾ?"

"ಡೇ ಕೇರ್ ಮೆಟ್ಲಲ್ಲಿ... ಒಳಗೆ ಹೋಗೋವಾಗ."

ಒಳಗೆ ಹೋಗುವಾಗ! ಅಂದರೆ ಫೋಟೋ ತೆಗೆಯುವುದಕ್ಕೂ ಮೊದಲು!

ನಳಿನಿಯ ಮೈಯೆಲ್ಲ ಉರಿಯಿತು. ಬೆಳಗಾದರೆ ಯಾರ್ಯಾರದೋ ಗಾಯ ತೊಳೆಯುವ ಕೈ ಇದು... ನನ್ನ ಮಗಳ ಗಾಯಕ್ಕೆ ಒಂದು ಲೋಟ ನೀರು ಹಾಕುವವರು ಅಲ್ಲಿ ಯಾರೂ ಇರಲಿಲ್ಲವೇ?

ಗ್ರೂಪಿಗೇ ಹಾಕಿ ಕೇಳುತ್ತೇನೆ ಎಂದು ಫೋನ್ ಎತ್ತಿ ಗಾಯದ ಕಡೆ ಹಿಡಿದಳು.

ಅಷ್ಟು ಹೊತ್ತು ಉರಿ ತಾಳಲಾರದೆ ತುಟಿ ಕಚ್ಚಿಕೊಂಡಿದ್ದ ಇಂಪನಾ ಫೋನ್ ಕಂಡದ್ದೇ ತಡ, ನೆಟ್ಟಗೆ ಕೂತಳು. ಕಣ್ಣು ಒರೆಸಿಕೊಂಡಳು. ಹಲ್ಲು ಬಿಟ್ಟು ನಕ್ಕಳು...

ಅದೇ ನಗು. ದಿನಾ ಗ್ರೂಪಿನಲ್ಲಿ ಬರುತ್ತಿದ್ದ ನಗು.

ಕ್ಲಿಕ್ ಆದ ಮೇಲೆ ಮೆಲ್ಲಗೆ ಕೇಳಿದಳು...

"ಫೋಟೋ ಆಯ್ತಾ ಅಮ್ಮಾ? ಈಗ ಅಳ್ಲಾ?"

ನಳಿನಿ ಫೋನ್ ಕೆಳಗಿಟ್ಟಳು. "ಅಳೋಕೆ ನನ್ನ ಕೇಳ್ಬೇಕಾ ಕಂದಾ?"

"ಅಲ್ಲಿ ಅತ್ರೆ ಶೂ ಸ್ಟ್ಯಾಂಡ್ ಹತ್ರ ಒಬ್ಬಳನ್ನೇ ಕೂರಿಸ್ತಾರೆ. ಫೋಟೋಲಿ ಅತ್ರೆ ಅಮ್ಮನ ಕೆಲಸ ಹೋಗತ್ತೆ ಅಂದಿದಾರೆ ಮೇಡಂ..."

ಆರು ವರ್ಷದ ಕೂಸು ಇಷ್ಟು ದಿನ ಅಮ್ಮನ ಕೆಲಸ ಉಳಿಸಲು ನಗುತ್ತಿತ್ತು!

ಮರುದಿನ ಕಣ್ಣಾರೆ ನೋಡಿಯೇ ಬಿಡೋಣವೆಂದು ನಳಿನಿ ಪರ್ಮಿಷನ್ ತಗೊಂಡು ನಾಲ್ಕೂವರೆಗಿಂತ ಮೊದಲೇ ಡೇ ಕೇರ್‌ಗೆ ಹೋದಳು. ಗೇಟಿನಲ್ಲಿ ಆಯಾ ತಡೆದರೂ ಕೇಳದೆ ಒಳಬಾಗಿಲ ಮರೆಯಲ್ಲಿ ನಿಂತಳು.

ಒಳಗೆ ಬೀರುವಿನ ಬೀಗ ತೆಗೆದು ಆಟದ ಸಾಮಾನು ಇಳಿಸುತ್ತಿದ್ದರು. ಎಲ್ಲ ಮಕ್ಕಳ ಕೈಗೂ ಒಂದೊಂದು. "ಸ್ಮೈಲ್!" ಎಂದರು ರೋಹಿಣಿ ಮೇಡಂ. ಕ್ಲಿಕ್... ಕ್ಲಿಕ್...

ಸಾಮಾನೆಲ್ಲ ಮತ್ತೆ ಬೀರುವಿಗೆ ಹೋಯಿತು. ಟಿವಿ ಹಾಕಿದರು. ಮಕ್ಕಳು ಕೈಕಟ್ಟಿ ಗೋಡೆಗೊರಗಿ ಕೂತವು.

ಆಗ ನಳಿನಿಯ ಕೈಯಲ್ಲಿದ್ದ ಫೋನ್ ಟಿಂಗ್ ಅಂದಿತು. ಅವಳು ಒಳಗೆ ನುಗ್ಗಿದಳು.

"ಏನ್ರೀ ಇದು? ಮಕ್ಕಳನ್ನ ನೋಡ್ಕೊಳ್ತಿದೀರೋ, ಶೂಟಿಂಗ್ ಮಾಡ್ತಿದೀರೋ?"

ರೋಹಿಣಿ ಮೇಡಂ ಅಲುಗಲಿಲ್ಲ. "ಮೆಲ್ಲಗೆ ಮಾತಾಡಿ. ಅಳೋ ಫೋಟೋ ಹಾಕಿದಾಗ ನೀವೇ ತಾನೆ ಗಲಾಟೆ ಮಾಡಿದ್ದು? ನಿಮಗೆ ನಗು ಬೇಕಿತ್ತು, ನಗು ಕಳಿಸಿದ್ವಿ."

ಆ ಮಾತು ನಳಿನಿಗೆ ಚುರುಕ್ ಎಂದಿತು. ಸುಳ್ಳೇನೂ ಆಗಿರಲಿಲ್ಲ. ಆದರೆ ಸಿಟ್ಟು ಇಳಿಯಲಿಲ್ಲ, ನೆತ್ತಿಗೇರಿತು.

"ಹೌದು, ನಾನು ಬರೆದದ್ದು ತಪ್ಪೇ. ನನ್ನನ್ನ ಬೈಬೇಕಿತ್ತು! 'ನೀನು ಅತ್ರೆ ಅಮ್ಮನ ಕೆಲಸ ಹೋಗತ್ತೆ' ಅಂತ ಕೂಸಿಗೆ ಹೇಳೋಕೆ ನಿಮಗೆ ಬಾಯಾದ್ರೂ ಹೇಗೆ ಬಂತ್ರೀ? ಗಾಯ ತೊಳೆಯೋಕೆ ಪುರುಸೊತ್ತಿಲ್ಲ, ಫೋಟೋ ತೆಗೆಯೋಕೆ ಇದೆ ಅಲ್ವಾ?"

ಮಗಳ ಬ್ಯಾಗ್ ಹೆಗಲಿಗೆ ಹಾಕಿಕೊಂಡು, ಅವಳ ಕೈ ಹಿಡಿದು ಹೊರಟುಬಿಟ್ಟಳು. ಹೊರಡುವ ಮೊದಲು ಹಿಂದಿನ ದಿನದ ಫೋಟೋವನ್ನು ಗ್ರೂಪಿಗೆ ಹಾಕಿದಳು... ಕೆಳಗೆ ಹಸಿ ಗಾಯ, ಮೇಲೆ ನಗುವ ಮುಖ. ಜೊತೆಗೆ ಮಗಳು ಕೇಳಿದ ಆ ಪ್ರಶ್ನೆ.



ಮನೆ ತಲುಪುವಷ್ಟರಲ್ಲಿ ಒಬ್ಬ ಅಪ್ಪನ ಮೆಸೇಜ್ ಬಂತು. "ಮನೇಲಿ ಫೋನ್ ಎತ್ತಿದ್ರೆ ನನ್ನ ಮಗನೂ ಹೀಗೇ ನಗ್ತಾನೆ..."

ಹೊಸ ಜಾಗ ಸಿಕ್ಕಿದ್ದು ಎರಡು ರಸ್ತೆ ಆಚೆ, ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಮುಮ್ತಾಜ್ ಆಂಟಿಯ ಹಳೇ ಮನೆಯಲ್ಲಿ. ಕಾರ್ಟೂನಿಲ್ಲ, ಎಸಿಯಿಲ್ಲ. ಒಂದು ಮಗು ಚಾಪೆ ಮೇಲೆ ನಿದ್ದೆ ಹೊಡೆಯುತ್ತಿತ್ತು, ಇನ್ನೆರಡು ಮಂಡಕ್ಕಿಗಾಗಿ ಕಿತ್ತಾಡುತ್ತಿದ್ದವು.

"ಫೋಟೋ ಕಳಿಸ್ತೀರಾ ಆಂಟಿ?" ನಳಿನಿ ಅನುಮಾನದಿಂದಲೇ ಕೇಳಿದಳು.

"ಇವರ ಹಿಂದೆ ಓಡೋಷ್ಟರಲ್ಲಿ ಫೋನ್ ಎಲ್ಲಿಟ್ಟೆ ಅಂತಾನೇ ಗೊತ್ತಿರಲ್ಲಮ್ಮ. ಬಾಗಿಲು ತೆಗ್ದೇ ಇರತ್ತೆ, ಯಾವಾಗ ಬೇಕಾದ್ರೂ ಬಂದು ನೋಡು."

ಆ ವಾರವೇ ಒಂದು ಸಂಜೆ ನಳಿನಿ ಹೇಳದೆ ಕೇಳದೆ ಬಂದಳು. ರಸ್ತೆಗೇ ಕೇಳಿಸುತ್ತಿತ್ತು ಅಳು... ಇಂಪನಾಳ ಅಳು! ಓಡೋಡಿ ಬಾಗಿಲಿಗೆ ಬಂದಳು.

ಅಂಗಳದಲ್ಲಿ ಕುಂಟೆಬಿಲ್ಲೆಯ ಗೆರೆ. ಮುಮ್ತಾಜ್ ಆಂಟಿಯ ಮಡಿಲಲ್ಲಿ ಮಗಳು ಕಾಲು ಬಡಿಯುತ್ತಾ ರಂಪ ಮಾಡುತ್ತಿದ್ದಳು. "ನಾನು ಗೆರೆ ತುಳೀಲೇ ಇಲ್ಲ! ಮೋಸ! ಎಲ್ರೂ ಮೋಸ!"

ಆಂಟಿ ಸೆರಗಿನಲ್ಲಿ ಅವಳ ಮೂಗು ಒರೆಸುತ್ತಾ ಹೇಳಿದರು. "ಅಳು ಬಂಗಾರ, ಪೂರ್ತಿ ಅತ್ತುಬಿಡು. ಆಮೇಲೆ ಇಬ್ಬರೂ ಸೇರಿ ಅವರ ಹತ್ರ ಜಗಳ ಆಡೋಣ."

ನಳಿನಿ ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಕಣ್ಣಲ್ಲೂ ನೀರು ಹರಿಯುತ್ತಿತ್ತು... ಫೋನ್ ಮಾತ್ರ ಹೊರಗೆ ತೆಗೆಯಲಿಲ್ಲ.

ಮಗು ಹೆದರದೆ ಅಳುವ ಜಾಗವೇ ಮಗುವನ್ನು ನಂಬಿ ಬಿಟ್ಟುಹೋಗಬಹುದಾದ ಜಾಗ.

ಇವತ್ತು ಬಂದ ಫೋಟೋದಲ್ಲಿ ನಿಮ್ಮ ಮಗು ನಗುತ್ತಿತ್ತು, ಸರಿ... ಕ್ಲಿಕ್ ಆದ ಮೇಲೆ ಏನು ಮಾಡುತ್ತಿತ್ತು ಅಂತ ಒಮ್ಮೆಯಾದರೂ ಕೇಳಿದ್ದೀರಾ?