ಬಾರಿನ ಹಿಂಬಾಗಿಲು

ಹಿಂಬಾಗಿಲ ಚಿಲಕಕ್ಕೆ ಚಾಚಿದ ಕೈಯನ್ನು ವಿಜಯಲಕ್ಷ್ಮೀ ಮತ್ತೆ ಹಿಂದಕ್ಕೆ ಎಳೆದುಕೊಂಡರು. ಒಳಗಿನಿಂದ ಅದೇ ದನಿ.

“ತೆಗೀರಮ್ಮಾ. ಈಗ ಯಾರೂ ಇಲ್ಲ.”

ಹದಿನೆಂಟು ದಿನದಿಂದ ಕೇಳುತ್ತಿದ್ದ ದನಿ. ಮಾತು ಹಾಸನದ ಕಡೆಯದು, ಅವರ ತವರಿನದು. ಬ್ಯಾಂಕಿನಲ್ಲಿದ್ದ ಗಂಡನಿಗೆ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದು ನಾಲ್ಕು ತಿಂಗಳಾಗಿತ್ತು. ಬಂದರಿನ ಹಳೆಯ ಬೀದಿಯಲ್ಲಿ ಅವರ ಬಾಡಿಗೆ ಮನೆಗೂ ಇಂಗ್ಲಿಷರ ಕಾಲದ ಆ ಬಾರಿಗೂ ಹಿತ್ತಲು ಒಂದೇ. ಮಾಲೀಕ ಈಶ್ವರಯ್ಯ ಬಾರನ್ನು ಹೊಸದು ಮಾಡಿಸಲು ಹೊರಟಿದ್ದ. ಬಾಟಲಿಗಳೆಲ್ಲ ಗಾಡಿ ಹತ್ತಿ ಗೋದಾಮಿಗೆ ಹೋದವು. ಮರುದಿನ ಟೈಲ್ಸ್ ಮೇಸ್ತ್ರಿ ದಿನಕರಯ್ಯ ಒಳಗೆ ಹೋದ. ಮತ್ತೆ ಹೊರಗೆ ಬರಲಿಲ್ಲ. ಮುಂದೆ ಬೀಗ, ಹಿಂದೆ ಚಿಲಕ.

ಅಡುಗೆಮನೆಯಿಂದ ಬಾರಿನ ಕಿಟಕಿ ಕಾಣುತ್ತಿತ್ತು. ಸರಳುಗಳಾಚೆ ಅವನು ಹೂಬಳ್ಳಿಯ ಟೈಲುಗಳನ್ನು ತೊಟ್ಟಿಯಲ್ಲಿ ನೆನೆಸಿ, ಒಂದೊಂದಾಗಿ ಗೋಡೆಗೆ ಕೂರಿಸಿ, ಬೆರಳಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಿದ್ದ. ಮೊದಲ ವಾರ ಅವನ ಕೈ ನಡುಗಿ ದಿನಕ್ಕೆ ನಾಲ್ಕಾರು ಟೈಲು ಒಡೆಯುತ್ತಿದ್ದವು. ಪಾಪ, ಹೆದರಿಕೆ, ಎಂದುಕೊಂಡಿದ್ದರು ವಿಜಯಲಕ್ಷ್ಮೀ.

ದಿನಾ ಮಧ್ಯಾಹ್ನ ಒಬ್ಬ ಹುಡುಗಿ ಊಟದ ಕ್ಯಾರಿಯರ್ ತರುತ್ತಿದ್ದಳು. ಈಶ್ವರಯ್ಯನ ಮನೆಯವಳಿರಬೇಕು. ಮುಖದಲ್ಲಿ ನಗುವಿಲ್ಲ, ಬಾಯಲ್ಲಿ ಬರೀ ತೆಲುಗು. ಅವನು ಉಂಡು ಮುಗಿಸುವವರೆಗೂ ಬಾಗಿಲಿಗೆ ಅಡ್ಡ ಕೂರುವಳು. ಅವನು ಗೋಗರೆದರೆ ಉಳಿದ ದಿನಗಳನ್ನು ಬೆರಳಿನಲ್ಲಿ ಎಣಿಸಿ ತೋರಿಸುವಳು. ಆದರೂ ಸಾರಿನ ಮೆಣಸಿನಕಾಯಿ ಆರಿಸಿ ತೆಗೆದೇ ಅವನಿಗೆ ಬಡಿಸುತ್ತಿದ್ದುದು ವಿಜಯಲಕ್ಷ್ಮಿಯವರ ಕಣ್ಣಿಗೆ ಬಿದ್ದಿತ್ತು.

ಮೊನ್ನೆ ಆ ಒಳ್ಳೆಯತನದ ಮೇಲೂ ನಂಬಿಕೆ ಹೋಯಿತು. ಕೆಮ್ಮು ಎಂದು ಅವನು ಬೇಡಿಕೊಂಡಿದ್ದಕ್ಕೆ ಇವರು ಸರಳುಗಳ ಸಂದಿಯಿಂದ ಔಷಧ ಕೊಟ್ಟಿದ್ದರು. ಹುಡುಗಿ ಬಾಟಲಿಯನ್ನು ಮೂಸಿ ನೋಡಿದಳು, ಅಷ್ಟನ್ನೂ ಮೋರಿಗೆ ಸುರಿದಳು. ಗೋರಂಟಿ ಹಚ್ಚಿದ ಚೆಂದದ ಕೈ, ಅಂಥ ಕೆಲಸ!

“ನಮಗೇಕೆ ಊರ ಉಸಾಬರಿ? ಈಶ್ವರಯ್ಯ ನಮ್ಮ ಬ್ಯಾಂಕಿನ ದೊಡ್ಡ ಗಿರಾಕಿ” ಎಂದು ಗಂಡ ಗದರಿದ್ದರು. ಅಂದಿನಿಂದ ವಿಜಯಲಕ್ಷ್ಮಿಯವರಿಗೂ ತಮ್ಮ ಅಡುಗೆಮನೆಯಲ್ಲಿ ಉಸಿರು ಕಟ್ಟಿದಂತಾಗುತ್ತಿತ್ತು.

“ಕೆಲಸ ಇನ್ನೆಷ್ಟಿದೆ?” ಬಾಗಿಲಿಗೆ ಕಿವಿಯಿಟ್ಟು ಕೇಳಿದರು.

“ಗೋಡೆ ಟೈಲಿನಲ್ಲಿ ನವಿಲಿನ ಕತ್ತೊಂದು ಉಳಿದಿದೆ. ನಾಡಿದ್ದು ನನ್ನ ಮಗಳ ಮದುವೆ ಅಮ್ಮಾ, ಬೆಜವಾಡದಲ್ಲಿ, ಇಂದ್ರಕೀಲಾದ್ರಿ ಬೆಟ್ಟದ ಅಮ್ಮನ ಗುಡೀಲಿ. ತಾಯಿಯಿಲ್ಲದ ಕೂಸು. ಧಾರೆ ಎರೆಯೋಕೆ ನಾನೂ ಇಲ್ಲದಿದ್ರೆ?”

“ಈಶ್ವರಯ್ಯನಿಗೆ ಹೇಳಬಾರದಿತ್ತೇ?”

“ನಕ್ಕುಬಿಡ್ತಾರೆ. ನೀವು ನಮ್ಮೋರು ಅಂತ ಕೇಳ್ತಿದೀನಿ.”

ನಮ್ಮೋರು. ಚಿಲಕ ಕಿರ್ರೆಂದು ಸರಿಯಿತು.

ದಿನಕರಯ್ಯ ಹೊಸ್ತಿಲಲ್ಲಿ ಬಹಳ ಹೊತ್ತು ನಿಂತ, ದಾಟಲು ಹೆದರುವವನಂತೆ. ವಿಜಯಲಕ್ಷ್ಮೀ ಗಂಡನ ಒಗೆದ ಅಂಗಿ ಕೊಟ್ಟರು. ಸೆರಗಿನ ಗಂಟು ಬಿಚ್ಚಿ ರೈಲಿಗೆಂದು ದುಡ್ಡನ್ನೂ ಕೈಗಿಟ್ಟರು. ದುಡ್ಡು ಕಂಡದ್ದೇ ಅವನು ಹೊಸ್ತಿಲು ದಾಟಿ, ಸಂದಿಯಲ್ಲಿ ಓಡಿದ. ಸ್ಟೇಷನ್ನು ಎಡಕ್ಕೆ. ಅವನು ಬಲಕ್ಕೆ ತಿರುಗಿದ.

“ಆ ಕಡೆ ಅಲ್ಲಪ್ಪಾ!” ಎಂದು ಕೂಗಿದರು. ಗಾಬರಿಯಲ್ಲಿ ಕೇಳಿಸಲಿಲ್ಲವೇನೋ.

ಸ್ವಲ್ಪ ಹೊತ್ತಿಗೆ ಹುಡುಗಿ ಬಂದಳು. ಕೈಯಲ್ಲಿ ಕ್ಯಾರಿಯರ್, ಕಂಕುಳಲ್ಲಿ ಜರಿಯಂಚಿನ ಹೊಸ ಪಂಚೆ. ತೆರೆದ ಬಾಗಿಲು ನೋಡಿ ನಿಂತಲ್ಲೇ ನಿಂತಳು.

“ಅಪ್ಪಾ?” ಎಂದಳು.

ವಿಜಯಲಕ್ಷ್ಮೀ ಅವಳ ಹತ್ತಿರ ಹೋದರು. “ನೀನು... ಅವನ ಮಗಳೇ? ಕನ್ನಡ ಬರುತ್ತಾ?”

“ಸ್ವಲ್ಪ, ಅಮ್ಮಗಾರು. ನಮ್ಮಮ್ಮ ತೆಲುಗಿನವಳು.” ಅವಳು ಪಂಚೆಯನ್ನು ಎದೆಗೊತ್ತಿಕೊಂಡಳು. “ಮದುವೆ ದಿನ ಕುಡೀದೆ ನಿಲ್ತೀನಿ, ನೀನೇ ನನ್ನ ಕೂಡಿಹಾಕು, ಎಷ್ಟು ಬೇಡಿದ್ರೂ ತೆಗೀಬೇಡ ಅಂತ ಅಪ್ಪನೇ ಹೇಳಿದ್ದು. ಈಶ್ವರಯ್ಯಗಾರು ಪಾಪ ಒಪ್ಪಿದ್ರು. ಬಾಟಲಿ ಇಲ್ಲದ ಬಾರು ಅಂದ್ರೆ ಈ ಬೀದೀಲಿ ಇದೊಂದೇ... ಯಾರು ತೆಗೆದ್ರು?”

ಒಳಗೆ ತೊಟ್ಟಿಯ ಪಕ್ಕ ಅವನ ಸುತ್ತಿಗೆ, ಉಳಿ ಬಿದ್ದಿದ್ದವು. ಹದಿನೆಂಟು ದಿನದಲ್ಲಿ ಆ ಹಳೆಯ ಮರದ ಬಾಗಿಲಿನ ಮೇಲೆ ಅವನು ಒಂದು ಗೀರನ್ನೂ ಎಳೆದಿರಲಿಲ್ಲ.